ಕೃಂಬಿಗಲ್ ಊರಿನ ದಾರಿಯಲ್ಲಿ

ಬೆಂಗಳೂರಿನ ಲಾಲ್‌ಬಾಗಿಗೆ ಹೊಂದಿಕೊಂಡಂತೆ ಕೃಂಬಿಗಲ್ ರಸ್ತೆ ಎಂಬುದೊಂದಿದೆ. ಬೆಳಗಿನ ಹೊತ್ತು ಸುತ್ತಾಡಲು ಬರುವ ನೂರಾರು ಜನ ದಿನವೂ ಆ ಹೆಸರನ್ನು ಕಾಣುತ್ತಾರೆ. ಆ ಹೆಸರಿನವರು ಯಾರು ಎಂದು ಕೇಳುವವರು ಕಡಿಮೆ. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದ ಬಸವನಗುಡಿಯ ಒಬ್ಬ ತಂದೆಯೂ ಕೇಳಿದವರಲ್ಲ. ಯಾರೋ ಇಂಗ್ಲಿಷ್ ಕಲೆಕ್ಟರ್ ಇರಬೇಕು ಎಂದುಕೊಂಡು ಇಪ್ಪತ್ತು ವರ್ಷ ಆ ರಸ್ತೆಯಲ್ಲೇ ನಡೆದಿದ್ದರು. ಕೃಂಬಿಗಲ್ ಕಲೆಕ್ಟರೂ ಅಲ್ಲ, ಇಂಗ್ಲಿಷರೂ ಅಲ್ಲ, ಜರ್ಮನಿಯ ಹಳ್ಳಿಯೊಂದರಲ್ಲಿ ಹುಟ್ಟಿದ ತೋಟಗಾರ ಎಂಬುದು ಅವರಿಗೆ ತಿಳಿದದ್ದು ಜೂನ್ ತಿಂಗಳ ಒಂದು ಶುಕ್ರವಾರ, ಡ್ರೆಸ್ಡೆನ್ ನಗರದ ಹೊರವಲಯದಲ್ಲಿ, ಮಗಳ ಕಾರಿನ ಮುಂದಿನ ಸೀಟಿನಲ್ಲಿ ಕುಳಿತಿದ್ದಾಗ.

ಮಗಳು ಅಲ್ಲಿಯ ಚಿಪ್ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ತಂದೆ, ತಾಯಿ, ಜೊತೆಗೆ ಆಗತಾನೇ ದ್ವಿತೀಯ ಪಿಯುಸಿ ಮತ್ತು ಸಿಇಟಿ ಮುಗಿಸಿದ ತಮ್ಮ ಮೂರು ವಾರದ ಮಟ್ಟಿಗೆ ಅವಳ ಮನೆಗೆ ಬಂದಿದ್ದರು. ಬಂದ ಎರಡನೆಯ ದಿನವೇ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಕಾರಣ, ತಂದೆಯ ಷರ್ಟಿನ ಜೇಬಿನಲ್ಲಿ ನಾಲ್ಕಾಗಿ ಮಡಿಚಿಟ್ಟಿದ್ದ ಒಂದು ಹಾಳೆ.

ಸಿಇಟಿ ಬರೆದವರ ಮನೆಗಳಲ್ಲಿ ಇಂಥ ಹಾಳೆ ಇದ್ದೇ ಇರುತ್ತದೆ. ಯಾವ ಕಾಲೇಜು, ಯಾವ ಕೋರ್ಸು ಎಂದು ಆದ್ಯತೆಯ ಕ್ರಮದಲ್ಲಿ ಮೊದಲು ಕಾಗದದ ಮೇಲೆ ಬರೆದುಕೊಂಡು, ಆಮೇಲೆ ಕಂಪ್ಯೂಟರಿನಲ್ಲಿ ತುಂಬುವುದು. ಈ ಹಾಳೆಯಲ್ಲಿ ಮೊದಲ ಹದಿಮೂರು ಸಾಲು ತಂದೆಯ ದುಂಡಗಿನ ಬ್ಯಾಂಕ್ ಅಕ್ಷರದಲ್ಲಿದ್ದವು, ಹದಿಮೂರೂ ಇಂಜಿನಿಯರಿಂಗ್. ಹದಿನಾಲ್ಕನೆಯ ಸಾಲು ಮಾತ್ರ ಹುಡುಗನ ಕೈಬರಹ: ‘ಬಿ.ಎಸ್ಸಿ. ತೋಟಗಾರಿಕೆ’. ಮೇಲಿನ ಸಾಲಿನದು ಸಿಕ್ಕಿಬಿಟ್ಟರೆ ಕೆಳಗಿನದರ ಪ್ರಶ್ನೆಯೇ ಏಳುವುದಿಲ್ಲ. ಹುಡುಗನಿಗೆ ಬಂದಿದ್ದ ರ‍್ಯಾಂಕಿಗೆ ಐದಾರು ಸಾಲಿನೊಳಗೇ ಏನಾದರೊಂದು ಸಿಗುವುದು ಖಂಡಿತವಿತ್ತು. ಹದಿನಾಲ್ಕನೆಯದು ಎಂದರೆ ಇಲ್ಲ ಎಂದೇ ಅರ್ಥ ಎಂಬುದು ತಂದೆಗೂ ಗೊತ್ತು, ಮಗನಿಗೂ ಗೊತ್ತು.

“ಗಿಡಕ್ಕೆ ನೀರು ಹಾಕೋದಕ್ಕೆ ನಾಲ್ಕು ವರ್ಷ ಓದಬೇಕೇನೋ?” ಎಂದು ತಂದೆ ಒಮ್ಮೆ ಕೇಳಿದ್ದರು. ಹುಡುಗ ಉತ್ತರ ಕೊಡದೆ ಎದ್ದು ಹೋಗಿದ್ದ. ಅಂದಿನಿಂದ ಊಟಕ್ಕೆ ಕರೆಯುವ ಮಾತು ಕೂಡ ತಾಯಿಯ ಮೂಲಕವೇ ನಡೆದಿತ್ತು.

ಶುಕ್ರವಾರ ಮಗಳು ರಜೆ ಹಾಕಿದಳು. ತಾಯಿ ಬೆಳಗ್ಗೆ ಎದ್ದು ಚಿತ್ರಾನ್ನ, ಮೊಸರನ್ನ ಕಲೆಸಿ, ಊರಿನಿಂದ ತಂದಿದ್ದ ಕೋಡುಬಳೆಯ ಡಬ್ಬಿಯನ್ನೂ ಬುತ್ತಿಯ ಚೀಲಕ್ಕೆ ಸೇರಿಸಿದರು. “ಇವತ್ತು ಅರಮನೆ ತೋಟಗಳನ್ನು ನೋಡೋಣ. ಸಂಜೆ ಇವನು ಹೇಳಿದ ಒಂದು ಹಳ್ಳಿಗೆ ಹೋಗೋಣ” ಎಂದಳು ಮಗಳು. ಯಾವ ಹಳ್ಳಿ ಎಂದು ತಂದೆ ಕೇಳಲಿಲ್ಲ.

ನೀರಿನ ನಡುವಿನ ಅರಮನೆ

ಮೊದಲು ಸಿಕ್ಕಿದ್ದು ಡ್ರೆಸ್ಡೆನ್ನಿನ ವಾಯವ್ಯಕ್ಕೆ ಸುಮಾರು 15 ಕಿಲೋಮೀಟರ್ ದೂರದ ಮೊರಿಟ್ಸ್‌ಬುರ್ಗ್. ಸ್ಯಾಕ್ಸನಿಯ ದೊರೆಗಳು ಬೇಟೆಗೆಂದು ಕಟ್ಟಿಸಿಕೊಂಡ ಅರಮನೆ ಇದು. 16ನೆಯ ಶತಮಾನದ ಹಳೆಯ ಕಟ್ಟಡವನ್ನು ‘ಬಲಶಾಲಿ ಆಗಸ್ಟಸ್’ ಎಂದು ಹೆಸರಾದ ದೊರೆ 1723ರಿಂದ ಹತ್ತು ವರ್ಷ ಹಿಡಿದು ಈಗಿನ ರೂಪಕ್ಕೆ ತಂದ. ನಾಲ್ಕು ಮೂಲೆಗೆ ನಾಲ್ಕು ದುಂಡು ಗೋಪುರ; ಸುತ್ತಲೂ ಮನುಷ್ಯರೇ ತೋಡಿ ನಿಲ್ಲಿಸಿದ ಕೆರೆ. ಹಳದಿ ಮತ್ತು ಬಿಳಿ ಬಣ್ಣದ ಅರಮನೆ ನೀರಿನಲ್ಲಿ ತಲೆಕೆಳಗಾಗಿ ತೇಲುತ್ತಿರುವಂತೆ ಕಾಣುತ್ತದೆ. 1973ರಲ್ಲಿ ತೆಗೆದ ಸಿಂಡ್ರೆಲಾ ಕಥೆಯ ಜೆಕ್-ಜರ್ಮನ್ ಚಲನಚಿತ್ರಕ್ಕೆ ಇಲ್ಲಿ ಚಿತ್ರೀಕರಣ ನಡೆದದ್ದರಿಂದ ಮಕ್ಕಳ ದಂಡೇ ಬರುತ್ತದೆ.

ಅರಮನೆಗಿಂತ ಸುತ್ತಲಿನ ಕೆರೆಗಳೇ ತಂದೆಯ ಗಮನ ಸೆಳೆದವು. ಆ ಪ್ರದೇಶದಲ್ಲಿ ಇಂಥ ಕೆರೆಗಳು ಹಲವು ಇವೆ. ಅವುಗಳಲ್ಲಿ ಇಂದಿಗೂ ಮೀನು ಸಾಕುತ್ತಾರೆ. “ಹೂಳು ತೆಗೀತಾರಾ?” ಎಂದು ಕೇಳಿದರು. ಮಗಳಿಗೆ ಗೊತ್ತಿರಲಿಲ್ಲ. “ತೆಗೀದೆ ಇದ್ದಿದ್ದರೆ ಇಷ್ಟೊತ್ತಿಗೆ ಸೈಟ್ ಆಗಿರ್ತಿತ್ತು” ಎಂದು ಅವರೇ ಹೇಳಿಕೊಂಡರು. ಹಿಂದಿನ ಸೀಟಿನಲ್ಲಿ ಹುಡುಗ ನಕ್ಕದ್ದು ಕನ್ನಡಿಯಲ್ಲಿ ಕಂಡಿತು. ಮೂರು ದಿನಗಳಲ್ಲಿ ಅದು ಮೊದಲ ನಗು.

ಅಲ್ಲಿಂದ ಹೆದ್ದಾರಿ ಹಿಡಿದು ನಗರವನ್ನು ಬಳಸಿ ಆಗ್ನೇಯಕ್ಕೆ ಹೊರಟರು. ಜರ್ಮನಿಯ ಹೆದ್ದಾರಿಗಳಲ್ಲಿ ಅನೇಕ ಕಡೆ ವೇಗದ ಮಿತಿಯಿಲ್ಲ. ತಾಯಿ ಕಣ್ಣು ಮುಚ್ಚಿಕೊಂಡು ರಾಘವೇಂದ್ರಸ್ವಾಮಿಗಳನ್ನು ನೆನೆದರು. ಹೆದ್ದಾರಿ ಬಿಟ್ಟ ಮೇಲೆ ಹಳ್ಳಿಯ ರಸ್ತೆ. ಎರಡೂ ಬದಿಗೆ ಹಳದಿಗೆ ತಿರುಗುತ್ತಿದ್ದ ಬಾರ್ಲಿ ಹೊಲ, ಅಂಚಿನಲ್ಲಿ ಕೆಂಪು ಗಸಗಸೆ ಹೂ, ಗುಡ್ಡದ ತುದಿಯಲ್ಲಿ ಮೊನಚು ಗೋಪುರದ ಇಗರ್ಜಿ. ಹೊಲದಲ್ಲಿ ಒಬ್ಬ ಮನುಷ್ಯನೂ ಕಾಣಲಿಲ್ಲ. “ಇಷ್ಟೊಂದು ಬೆಳೆ ಇದೆ, ಆಳುಗಳೆಲ್ಲಿ?” ಎಂದರು ತಾಯಿ. ಒಂದು ಟ್ರ್ಯಾಕ್ಟರ್ ಮಾತ್ರ ದೂರದಲ್ಲಿ ಆಟಿಕೆಯಂತೆ ಚಲಿಸುತ್ತಿತ್ತು.

ಮುಗಿಯದ ತೋಟ

ಹೈಡೆನೌ ಎಂಬ ಊರಿನ ಮೇಲ್ಭಾಗದಲ್ಲಿ ಗ್ರೋಸ್‌ಸೆಡ್ಲಿಟ್ಸ್ ತೋಟವಿದೆ. ವಾಕರ್‌ಬಾರ್ಟ್ ಎಂಬ ಸರದಾರ 1719ರಲ್ಲಿ ಇದನ್ನು ಆರಂಭಿಸಿದ. 1723ರಲ್ಲಿ ಬಲಶಾಲಿ ಆಗಸ್ಟಸ್ ಕೊಂಡುಕೊಂಡ. ಫ್ರಾನ್ಸಿನ ವರ್ಸಾಯ್ಲ್ಸನ್ನು ನೆನಪಿಸುವಂಥ ತೋಟವಾಗಬೇಕೆಂಬ ಆಸೆ ಅವನದು. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಹುಲ್ಲುಹಾಸು, ಕಾರಂಜಿ, ಕೊಳ, 60ಕ್ಕೂ ಹೆಚ್ಚು ಮರಳುಗಲ್ಲಿನ ಶಿಲ್ಪಗಳನ್ನು ನಿಲ್ಲಿಸಿದರು. ಒಂದು ಮೆಟ್ಟಿಲ ಸಾಲಿಗೆ ‘ಮೌನ ಸಂಗೀತ’ ಎಂದು ಹೆಸರು. ಅದರ ಕಟ್ಟೆಯ ಮೇಲೆ ಕಲ್ಲಿನ ಪುಟ್ಟ ಮಕ್ಕಳು ವಾದ್ಯ ಹಿಡಿದು ಕುಳಿತಿರುವುದರಿಂದ ಆ ಹೆಸರು. ಆದರೆ ಯೋಜಿಸಿದ್ದರಲ್ಲಿ ಒಂದು ಭಾಗ ಮಾತ್ರ ನೆಲದ ಮೇಲೆ ಬಂತು. ಈಗ ಇರುವುದು 18 ಹೆಕ್ಟೇರ್.

“ನಲವತ್ತನಾಲ್ಕು ಎಕರೆ ಚಿಲ್ಲರೆ” ಎಂದು ತಂದೆ ಮನಸ್ಸಿನಲ್ಲೇ ಲೆಕ್ಕ ಹಾಕಿದರು. “ರಾಜನಿಗೂ ದುಡ್ಡು ಸಾಲದೇ ಹೋಯ್ತು ನೋಡು. ತೋಟ ಅಂದರೆ ಹಾಗೇ.” ಮಾತು ಯಾರಿಗೆ ಎಂಬುದು ಎಲ್ಲರಿಗೂ ತಿಳಿಯಿತು.

ಕೆಳಗೆ, ಉದ್ದನೆಯ ಗಾಜಿನ ಕಿಟಕಿಗಳ ಕಟ್ಟಡದ ಮುಂದೆ ದೊಡ್ಡ ದೊಡ್ಡ ಕುಂಡಗಳಲ್ಲಿ ಗಿಡಗಳನ್ನು ಸಾಲಾಗಿ ಇಟ್ಟಿದ್ದರು. ತಾಯಿ ಹತ್ತಿರ ಹೋಗಿ ಎಲೆ ಮುಟ್ಟಿ ಮೂಸಿ, “ಅಯ್ಯೋ, ಇದು ನಮ್ಮ ಹೇರಳೆಕಾಯಿ ಗಿಡದ ಹಾಗೇ ಇದೆಯಲ್ಲೇ!” ಎಂದರು. ಅದು ಕಹಿ ಕಿತ್ತಳೆ; ಹೇರಳೆಯ ಬಳಗದ್ದೇ. ಹಿಮ ಬೀಳುವ ನಾಡಿನಲ್ಲಿ ಕಿತ್ತಳೆ ಬೆಳೆಯುವುದು ಒಂದು ಕಾಲದಲ್ಲಿ ದೊರೆಗಳ ಪ್ರತಿಷ್ಠೆಯ ವಿಷಯವಾಗಿತ್ತು. ಚಳಿಗಾಲದಲ್ಲಿ ಕುಂಡ ಸಹಿತ ಗಿಡಗಳನ್ನು ಒಳಗಿಡಲೆಂದೇ ‘ಆರೆಂಜರಿ’ ಎಂಬ ಈ ಕಟ್ಟಡಗಳು ಹುಟ್ಟಿದವು.

ಕುಂಡಗಳಿಗೆ ನೀರು ಹಿಡಿಯುತ್ತಿದ್ದವಳು ಇಪ್ಪತ್ತರ ಆಸುಪಾಸಿನ ಹುಡುಗಿ. ಹಸಿರು ಪ್ಯಾಂಟು, ಮೊಣಕಾಲಿಗೆ ಮಣ್ಣು. ಮಗಳು ಜರ್ಮನ್‌ನಲ್ಲಿ ಮಾತಿಗೆಳೆದಳು. ಅವಳು ತೋಟಗಾರಿಕೆಯ ತರಬೇತಿಯ ಎರಡನೆಯ ವರ್ಷದಲ್ಲಿದ್ದಳು. ಒಟ್ಟು ಮೂರು ವರ್ಷ. ಒಂದಷ್ಟು ದಿನ ಶಾಲೆ, ಒಂದಷ್ಟು ದಿನ ಕೆಲಸ. ಕಲಿಯುವಾಗಲೇ ತಿಂಗಳಿಗೆ ಸಂಬಳ. ಕೊನೆಗೆ ಪರೀಕ್ಷೆ. ಜರ್ಮನಿಯಲ್ಲಿ ಬಡಗಿ, ಎಲೆಕ್ಟ್ರಿಷಿಯನ್, ಬೇಕರಿಯವನು ಎಲ್ಲರೂ ಹೀಗೆಯೇ ಕಲಿಯುವುದು.

“ಕುಂಡಕ್ಕೆ ಎಷ್ಟು ನೀರು ಅಂತ ಹೇಗೆ ಗೊತ್ತಾಗುತ್ತೆ ಕೇಳಕ್ಕಾ” ಎಂದ ಹುಡುಗ.

ಹುಡುಗಿ ಬೆರಳಿನ ಗೆಣ್ಣಿನಿಂದ ಕುಂಡದ ಬದಿಗೆ ಟಕಟಕ ಬಡಿದಳು. ಸದ್ದು ಕೇಳು ಎಂಬಂತೆ ಹುಡುಗನ ಕಡೆ ನೋಡಿದಳು. ಪಕ್ಕದ್ದಕ್ಕೂ ಬಡಿದಳು. ಎರಡರ ಸದ್ದೂ ಬೇರೆ. ಹುಡುಗ ತಾನೂ ಬಡಿದು ನೋಡಿದ. ಸಾಲಿನ ಕೊನೆಯವರೆಗೂ ಬಡಿಯುತ್ತಾ ಹೋದ. ತಂದೆ ನಿಂತು ನೋಡುತ್ತಿದ್ದರು. ತೆಂಗಿನಕಾಯಿಯನ್ನು ಬೆರಳಿನಿಂದ ಬಡಿದು ಒಳಗೆ ನೀರಿದೆಯೋ ಕೊಬ್ಬರಿಯಾಗಿದೆಯೋ ಹೇಳುತ್ತಿದ್ದ ತಮ್ಮ ಅಪ್ಪನ ನೆನಪು ಅವರಿಗೆ ಬಂದಿರಬೇಕು. ಆದರೆ ಆಗ ಅವರು ಏನೂ ಹೇಳಲಿಲ್ಲ. ಮರದ ನೆರಳಿನ ಬೆಂಚಿನ ಮೇಲೆ ಚಿತ್ರಾನ್ನದ ಡಬ್ಬಿ ಬಿಚ್ಚಿದಾಗ, “ಅವನಿಗೆ ಇನ್ನೊಂದು ಸ್ವಲ್ಪ ಹಾಕು” ಎಂದು ಮಾತ್ರ ಹೆಂಡತಿಗೆ ಹೇಳಿದರು.

ಗಾಲಿಯ ಮೇಲೆ ಗಾಜಿನ ಮನೆ

ಪಿಲ್ನಿಟ್ಸ್ ಇರುವುದು ಎಲ್ಬ್ ನದಿಯ ಆಚೆ ದಡದಲ್ಲಿ. ಕಾರನ್ನೇ ಹತ್ತಿಸಿಕೊಂಡು ದಾಟಿಸುವ ದೋಣಿಯಿದೆ. ತಾಯಿಗೆ ಸಿಗಂದೂರಿಗೆ ಲಾಂಚಿನಲ್ಲಿ ಹೋದದ್ದು ನೆನಪಾಯಿತು. ನದಿಯ ನಡುವೆ, ತಂಗಾಳಿಯಲ್ಲಿ ನಿಂತಾಗ ಹುಡುಗ ಮೊದಲ ಸಲ ತಾನಾಗಿ ಬಾಯಿಬಿಟ್ಟ.

“ಅಪ್ಪಾ, ಲಾಲ್‌ಬಾಗ್ ಪಕ್ಕ ಕೃಂಬಿಗಲ್ ರೋಡ್ ಇದೆಯಲ್ಲ, ಆ ಕೃಂಬಿಗಲ್ ಕೆಲಸ ಕಲಿತದ್ದು ಈ ತೋಟದಲ್ಲೇ.”

ತಂದೆ ತಿರುಗಿ ನೋಡಿದರು. ಹುಡುಗ ಓದಿಕೊಂಡು ಬಂದಿದ್ದ. ಗುಸ್ತಾವ್ ಹರ್ಮನ್ ಕೃಂಬಿಗಲ್ ಹುಟ್ಟಿದ್ದು 1865ರಲ್ಲಿ, ಇಲ್ಲಿಗೆ ಹತ್ತಿರದ ಲೋಮೆನ್ ಎಂಬ ಹಳ್ಳಿಯಲ್ಲಿ. ಪಿಲ್ನಿಟ್ಸ್ ಅರಮನೆಯ ತೋಟದಲ್ಲಿ ತರಬೇತಿ. ಹ್ಯಾಂಬರ್ಗ್ ಮುಂತಾದ ಕಡೆ ಕೆಲಸ ಮಾಡಿ 1888ರಲ್ಲಿ ಇಂಗ್ಲೆಂಡಿಗೆ ಹೋಗಿ, ಲಂಡನ್ನಿನ ಹೈಡ್ ಪಾರ್ಕ್ ಮತ್ತು ಕ್ಯೂ ಸಸ್ಯೋದ್ಯಾನಗಳಲ್ಲಿ ದುಡಿದರು. 1893ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ಕರೆಸಿಕೊಂಡರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು 1932ರವರೆಗೆ ಲಾಲ್‌ಬಾಗನ್ನು ನೋಡಿಕೊಂಡರು. ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನಕ್ಕೆ ರೂಪ ಕೊಟ್ಟದ್ದರಲ್ಲಿ ಅವರ ಕೈ ದೊಡ್ಡದು. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಜಾತಿ ಅರಳುವಂತೆ, ವರ್ಷವಿಡೀ ಒಂದಲ್ಲ ಒಂದು ಬೀದಿ ಹೂವಿನಲ್ಲಿರುವಂತೆ ಮರ ನೆಡಿಸುವ ಪದ್ಧತಿಯೂ ಅವರದೇ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಎಂಬ ಕಾರಣಕ್ಕೆ ಬಂಧನದಲ್ಲಿದ್ದರು. ಆದರೂ ಬೆಂಗಳೂರು ಬಿಡಲಿಲ್ಲ. 1956ರಲ್ಲಿ ಅಲ್ಲಿಯೇ ತೀರಿಕೊಂಡರು. ಸಮಾಧಿ ಹೊಸೂರು ರಸ್ತೆಯಲ್ಲಿದೆ.

ದೋಣಿ ದಡ ಮುಟ್ಟಿತು. “ಅವರಿಗೆ ಕರೆಯೋದಕ್ಕೆ ಮಹಾರಾಜರಿದ್ದರು” ಎಂದರು ತಂದೆ. “ನಿನ್ನನ್ನು ಯಾರು ಕರೀತಾರೋ?”

ಹುಡುಗನ ಬಳಿ ಅದಕ್ಕೆ ಉತ್ತರವಿರಲಿಲ್ಲ. ಕಾರು ಹತ್ತುವಾಗ ಮಗಳೇ ಹೇಳಿದಳು: “ನನ್ನನ್ನೂ ಯಾರೂ ಕರೀಲಿಲ್ಲಪ್ಪ. ಎಂ.ಎಸ್. ಮುಗಿಸಿ ಎಂಟು ತಿಂಗಳು ಅರ್ಜಿ ಹಾಕ್ತಾನೇ ಇದ್ದೆ. ನಿಮಗೆ ಹೇಳಿರಲಿಲ್ಲ ಅಷ್ಟೆ.” ತಂದೆ ಅವಳ ಮುಖ ನೋಡಿದರು. ಆ ಎಂಟು ತಿಂಗಳು ಪ್ರತಿ ಭಾನುವಾರ ಫೋನಿನಲ್ಲಿ ‘ಎಲ್ಲಾ ಚೆನ್ನಾಗಿದೆ’ ಎಂದೇ ಹೇಳಿದ್ದಳು.

ಪಿಲ್ನಿಟ್ಸ್ ಅರಮನೆಯ ಮಾಡುಗಳು ಚೀನಾ ದೇಶದ ಶೈಲಿಯಲ್ಲಿ ಬಾಗಿವೆ. ನದಿಯ ಅಂಚಿನಲ್ಲಿ ‘ಜಲ ಅರಮನೆ’, ಅದಕ್ಕೆ ಎದುರಾಗಿ ಗುಡ್ಡದ ಕಡೆ ‘ಗಿರಿ ಅರಮನೆ’. ಎರಡೂ 1720ರ ದಶಕದ ಆರಂಭದವು. ಜಲ ಅರಮನೆಯಿಂದ ಅಗಲವಾದ ಕಲ್ಲಿನ ಮೆಟ್ಟಿಲುಗಳು ನೇರ ನದಿಗೇ ಇಳಿಯುತ್ತವೆ. ಹಿಂದೆ ಅತಿಥಿಗಳು ದೋಣಿಯಲ್ಲಿ ಬಂದು ಇಲ್ಲಿ ಇಳಿಯುತ್ತಿದ್ದರಂತೆ. ನದಿ ಯಾವಾಗಲೂ ಹೀಗೆ ಸಾಧುವಾಗಿರುವುದಿಲ್ಲ. 2002ರ ಆಗಸ್ಟ್‌ನಲ್ಲಿ ಡ್ರೆಸ್ಡೆನ್ನಿನಲ್ಲಿ ಎಲ್ಬ್ 9.40 ಮೀಟರ್ ಮಟ್ಟಕ್ಕೆ ಏರಿತ್ತು. 2013ರಲ್ಲಿ ಮತ್ತೆ ಬಂತು. ಪ್ರವಾಹ ಇಳಿದ ಮೇಲೆ ಕೆಸರು ಬಳಿದು, ಪಾತಿ ತಿದ್ದಿ, ಮತ್ತೆ ನೆಟ್ಟರು. 28 ಹೆಕ್ಟೇರ್ ತೋಟದಲ್ಲಿ ಇಂದು ಅದರ ಸುಳಿವೂ ಇಲ್ಲ. “ಎಪ್ಪತ್ತು ಎಕರೆ. ನಮ್ಮ ಲಾಲ್‌ಬಾಗ್ ಇನ್ನೂರ ನಲವತ್ತು” ಎಂದು ತಂದೆ ಹೇಳಿದಾಗ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು.

ಹುಡುಗ ಅರಮನೆಯ ಕಡೆ ಹೆಚ್ಚು ನೋಡಲಿಲ್ಲ. ಎಲ್ಲರನ್ನೂ ಒಂದು ಮರದ ಬಳಿಗೆ ಕರೆದೊಯ್ದ. ಸುಮಾರು 9 ಮೀಟರ್ ಎತ್ತರದ, ಗುಡಾರದಂತೆ ಹರಡಿದ, ದಟ್ಟ ಹಸಿರೆಲೆಯ ಮರ. ಅದರ ಪಕ್ಕದಲ್ಲಿ ಮರಕ್ಕಿಂತ ಎತ್ತರದ ಖಾಲಿ ಗಾಜಿನ ಮನೆ. ಅದರ ಕೆಳಗೆ ರೈಲಿನದರಂಥ ಕಂಬಿಗಳು.

ಇದು ಪಿಲ್ನಿಟ್ಸ್‌ನ ಪ್ರಸಿದ್ಧ ಕೆಮಿಲಿಯ. ಚಹಾ ಗಿಡದ ದಾಯಾದಿ, ಮೂಲ ಜಪಾನ್. ಈ ಜಾಗದಲ್ಲಿ ನೆಟ್ಟದ್ದು 1801ರಲ್ಲಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ 35,000ದಷ್ಟು ಕೆಂಪು ಹೂ ಬಿಡುವುದುಂಟು. ಆದರೆ ಇಲ್ಲಿಯ ಚಳಿಗಾಲವನ್ನು ಅದು ತಡೆಯಲಾರದು. ಮೊದಮೊದಲು ಹುಲ್ಲು, ಚಾಪೆ ಹೊದಿಸುತ್ತಿದ್ದರು. ಆಮೇಲೆ ಪ್ರತಿ ಚಳಿಗಾಲಕ್ಕೂ ಮರದ ಹಲಗೆಯ ಮನೆ ಕಟ್ಟಿ ಒಳಗೆ ಒಲೆ ಉರಿಸುತ್ತಿದ್ದರು. 1905ರ ಜನವರಿಯ ಒಂದು ರಾತ್ರಿ ಆ ಮನೆಗೆ ಬೆಂಕಿ ಬಿತ್ತು. ಆರಿಸಲು ಎರಚಿದ ನೀರು ಕೊರೆಯುವ ಚಳಿಗೆ ಮರದ ಮೇಲೆಯೇ ಹೆಪ್ಪುಗಟ್ಟಿತು. ಆ ಹಿಮದ ಕವಚವೇ ಅದನ್ನು ಉಳಿಸಿತೆಂದು ಹೇಳುತ್ತಾರೆ. ಸುಟ್ಟ ಮರ ಮತ್ತೆ ಚಿಗುರಿತು. ಈಗಿನ ಗಾಜಿನ ಮನೆ 1992ರದು. 13.2 ಮೀಟರ್ ಎತ್ತರ, 54 ಟನ್ ತೂಕ. ಚಳಿಗಾಲ ಬಂದಾಗ ಕಂಬಿಯ ಮೇಲೆ ಉರುಳಿ ಬಂದು ಮರವನ್ನು ಒಳಗೆ ಮಾಡಿಕೊಳ್ಳುತ್ತದೆ. ಬೇಸಿಗೆ ಹತ್ತಿರವಾದಂತೆ ಪಕ್ಕಕ್ಕೆ ಸರಿಯುತ್ತದೆ. ಒಳಗಿನ ಉಷ್ಣತೆ, ತೇವ, ಗಾಳಿ, ನೆರಳನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ.

“ಒಂದು ಗಿಡಕ್ಕೆ ಐವತ್ತನಾಲ್ಕು ಟನ್ ಮನೆಯೇನೋ?” ಎಂದು ತಂದೆ ಬೆರಗಾದರು. ಮರವನ್ನು ಒಂದು ಸುತ್ತು ಬಂದರು. ಹೂವಿನ ಕಾಲ ಮುಗಿದಿತ್ತು. ಒಂದು ಹೂವೂ ಇರಲಿಲ್ಲ. ಇನ್ನೊಂದು ಸುತ್ತು ಬಂದರು. ಆಮೇಲೆ ಕಂಬಿಯ ಬಳಿ ನಿಂತು, ಯಾರನ್ನೂ ಉದ್ದೇಶಿಸದೆ ಹೇಳಿದರು: “ನಮ್ಮಪ್ಪನೂ ಹೀಗೇ ಮನೆ ಕಟ್ಟುತಿದ್ದ. ತೆಂಗಿನ ಸಸಿಗೆ. ಇಲ್ಲಿ ಚಳಿಗೆ, ಅಲ್ಲಿ ಬಿಸಿಲಿಗೆ. ನಾಲ್ಕು ಗೂಟ ನೆಟ್ಟು ಮೇಲೆ ಗರಿ ಹೊದಿಸೋದು. ಬೇಸಿಗೇಲಿ ಸಸಿಗೆ ಎರಡು ಕೊಡ ನೀರು. ನಾನು ಸ್ಕೂಲಿಗೆ ಹೋಗೋ ಮುಂಚೆ ಹೊತ್ತು ಹಾಕಿ ಹೋಗ್ತಿದ್ದೆ.”

ಮಕ್ಕಳಿಬ್ಬರೂ ಸುಮ್ಮನೆ ನಿಂತರು. ಅಜ್ಜನಿಗೆ ತಿಪಟೂರಿನ ಬಳಿ ತೋಟವಿತ್ತು ಎಂಬುದಷ್ಟೇ ಅವರಿಗೆ ಗೊತ್ತಿತ್ತು. ಅಪ್ಪ ನೀರು ಹೊತ್ತದ್ದು ಅವರು ಕೇಳಿರದ ಸಂಗತಿ.

ತೋಟದಿಂದ ಹೊರಬರುವಾಗ ಹುಡುಗ ಇನ್ನೊಂದು ವಿಷಯ ಹೇಳಿದ. ಪಿಲ್ನಿಟ್ಸ್‌ನಲ್ಲಿ ತೋಟಗಾರಿಕೆಯ ಉನ್ನತ ಶಿಕ್ಷಣ 1922ರಿಂದಲೇ ಇದೆ. ಸೇಬಿನ ಹೊಸ ತಳಿಗಳನ್ನು ಹುಟ್ಟಿಸುವ ಸಂಶೋಧನಾ ಕೇಂದ್ರವೂ ಇದೆ. ‘ಪಿನೋವ’ ಎಂಬ ಸೇಬು ಇಲ್ಲಿಯದೇ. “ನಮ್ಮಲ್ಲೂ ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆಗೇ ಒಂದು ವಿಶ್ವವಿದ್ಯಾಲಯ ಇದೆ ಅಪ್ಪಾ. ಕೋಲಾರ, ಶಿರಸಿ ಎಲ್ಲಾ ಕಡೆ ಅದರ ಕಾಲೇಜುಗಳಿವೆ.” ಈ ಸಲ ತಂದೆ ಅಡ್ಡ ಮಾತಾಡಲಿಲ್ಲ. “ಸೇಬು ಮನೆಗೆ ತಗೊಂಡು ಹೋಗೋಣ, ರುಚಿ ನೋಡೋಣ” ಎಂದರು ತಾಯಿ. ಅದು ಸೇಬಿನ ಕಾಲವಲ್ಲ ಎಂದು ಮಗ ನಕ್ಕ.

ಬಂಡೆಯ ಮೇಲಿನ ಹಳ್ಳಿ

ಪಿಲ್ನಿಟ್ಸ್‌ನಿಂದ ಲೋಮೆನ್ನಿಗೆ ಹತ್ತು ಹನ್ನೆರಡು ಕಿಲೋಮೀಟರ್. ದಾರಿಯಲ್ಲಿ ಗ್ರೌಪ ಎಂಬ ಹಳ್ಳಿ ಸಿಗುತ್ತದೆ. ಸಂಗೀತಗಾರ ವಾಗ್ನರ್ 1846ರ ಬೇಸಿಗೆಯನ್ನು ಕಳೆದದ್ದು ಅಲ್ಲಿ. ಅದನ್ನು ದಾಟಿದ ಮೇಲೆ ನೆಲ ಏರುತ್ತದೆ. ದಿಗಂತದಲ್ಲಿ, ತಲೆಯನ್ನು ಕತ್ತಿಯಿಂದ ಸಮತಟ್ಟಾಗಿ ಕತ್ತರಿಸಿದಂಥ ಮರಳುಗಲ್ಲಿನ ಬೆಟ್ಟಗಳು. ಪ್ರವಾಸಿಗಳು ಸಾಮಾನ್ಯವಾಗಿ ಈ ದಾರಿಯಲ್ಲಿ ಬರುವುದು ಬಾಸ್ಟೈ ಎಂಬ ಬಂಡೆಗಳ ಸಾಲನ್ನು ನೋಡಲು. ಎಲ್ಬ್ ನದಿಯಿಂದ 194 ಮೀಟರ್ ಎತ್ತರದಲ್ಲಿ ನಿಂತು ಕೆಳಗೆ ನೋಡಿದರೆ ತಲೆ ಸುತ್ತುತ್ತದೆ. ಲೋಮೆನ್ ಅವರಿಗೆ ದಾರಿಯ ಒಂದು ತಿರುವು ಮಾತ್ರ.

ಈ ಕಾರು ಮಾತ್ರ ಲೋಮೆನ್ನಿನಲ್ಲೇ ನಿಂತಿತು. ಕಣಿವೆಯಲ್ಲಿ ವೆಸೆನಿಟ್ಸ್ ಎಂಬ ಪುಟ್ಟ ಹೊಳೆ, ಅದರ ಮೇಲೆ ಬಂಡೆಗೆ ಅಂಟಿಕೊಂಡಂತೆ ಹಳೆಯ ಕೋಟೆಮನೆ, ಒಂದು ಇಗರ್ಜಿ, ಕೆಂಪು ಹೆಂಚಿನ ಮನೆಗಳು. ಲಿಂಡೆನ್ ಮರಗಳು ಹೂ ಬಿಟ್ಟು ಬೀದಿಯೆಲ್ಲ ಜೇನಿನ ವಾಸನೆ. ಪ್ರತಿ ಮನೆಯ ಮುಂದೂ ಅಂಗೈಯಗಲದ್ದಾದರೂ ತೋಟ. ಒಬ್ಬ ಮುದುಕಿ ಗುಲಾಬಿಯ ಒಣ ಹೂಗಳನ್ನು ಕತ್ತರಿಯಿಂದ ಕತ್ತರಿಸುತ್ತಿದ್ದರು. ಸಂಜೆ ಏಳಾಗಿದ್ದರೂ ಬಿಸಿಲು ನಮ್ಮ ನಾಲ್ಕು ಗಂಟೆಯ ಬಿಸಿಲಿನಂತಿತ್ತು.

ನೋಡಲು ಅಲ್ಲಿ ವಿಶೇಷವೇನೂ ಇರಲಿಲ್ಲ. ಇಗರ್ಜಿಯ ಬಳಿಯ ಬೆಂಚಿನ ಮೇಲೆ ಕುಳಿತು ಕೋಡುಬಳೆ ತಿಂದರು.

“ಇಷ್ಟು ಸಣ್ಣ ಊರು” ಎಂದರು ತಂದೆ. “ಇಲ್ಲಿಂದ ಹೋಗಿ ಬೆಂಗಳೂರಿನ ಬೀದೀಲಿ ಮರ ನೆಡೋದು ಅಂದರೆ! ಹೊರಡೋವಾಗ ಅವರಪ್ಪ ಏನಂದಿರಬಹುದು?”

ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ನಂತರ ಅವರೇ ಮುಂದುವರಿಸಿದರು.

“ನನ್ನ ಅಪ್ಪ ಅಂದದ್ದು ನನಗೆ ನೆನಪಿದೆ. ಇದ್ದದ್ದು ಮೂರು ಎಕರೆ. ನನ್ನನ್ನು ತುಮಕೂರಿಗೆ ಕಾಲೇಜಿಗೆ ಕಳಿಸೋಕೆ ಅರ್ಧ ತೋಟ ಮಾರಿದ. ರಿಜಿಸ್ಟ್ರಾರ್ ಕಚೇರಿಯಿಂದ ನೇರ ಬಸ್‌ಸ್ಟ್ಯಾಂಡಿಗೆ ಬಂದು ನನ್ನನ್ನು ಬಸ್ಸು ಹತ್ತಿಸಿ, ‘ಇನ್ನು ಈ ಕಡೆ ತಿರುಗಿ ನೋಡಬೇಡ. ಕುರ್ಚಿ ಮೇಲೆ ಕೂತು ಸಂಬಳ ತಗೊಳೋ ಕೆಲಸ ಹಿಡಿ’ ಅಂದ. ಉಳಿದ ಅರ್ಧ ನಿಮ್ಮ ದೊಡ್ಡಪ್ಪನಿಗೆ ಬಂತು. ಕೆರೆ ಬತ್ತಿತು. ಐದು ಬೋರ್‌ವೆಲ್ ಕೊರೆಸಿದರು, ಮೂರರಲ್ಲಿ ಬರೀ ಧೂಳು. ಆಮೇಲೆ ನುಸಿ ಪೀಡೆ ಬಂದು ಕಾಯೆಲ್ಲ ನಿಂಬೆಹಣ್ಣಿನ ಗಾತ್ರ ಆಯ್ತು. ಸಾಲ ತೀರಿಸೋಕೆ ನನ್ನ ಸಂಬಳದಿಂದ ದುಡ್ಡು ಕಳಿಸ್ತಿದ್ದೆ. ಬ್ಯಾಂಕಿನಲ್ಲಿ ಕೂತು ತೋಟದ ಸಾಲದ ನೋಟೀಸುಗಳಿಗೆ ಸಹಿ ಹಾಕಿದವನು ನಾನು. ನನಗೆ ತೋಟ ಅಂದರೆ ಇದಲ್ಲ.” ಅವರು ಬೀದಿಯ ಗುಲಾಬಿಗಳ ಕಡೆ ಕೈ ತೋರಿಸಿದರು. “ನನಗೆ ತೋಟ ಅಂದರೆ ಆ ನೋಟೀಸು.”

ಹುಡುಗ ತಲೆ ತಗ್ಗಿಸಿ ಕೇಳುತ್ತಿದ್ದ. ಅಪ್ಪನಿಗೆ ತನ್ನ ಓದಿನ ಬಗ್ಗೆ ನಾಚಿಕೆ ಎಂದು ಅವನು ಭಾವಿಸಿದ್ದ. ಅದು ನಾಚಿಕೆಯಲ್ಲ, ಹೆದರಿಕೆ ಎಂಬುದು ಅವನಿಗೆ ತಿಳಿದದ್ದು ಈಗ.

“ನುಸಿಗೆ ಏನು ಮಾಡಬೇಕು ಅಂತ ಆಗ ಯಾರೂ ಬಂದು ಹೇಳಲಿಲ್ವಾ ಅಪ್ಪಾ?” ಎಂದು ಮೆಲ್ಲಗೆ ಕೇಳಿದ.

“ಬಂದಿದ್ದರು, ಇಲಾಖೆಯವರು. ಏನೋ ಔಷಧಿ ಹೇಳಿದರು. ಮರದ ಮೇಲಕ್ಕೆ ಹತ್ತಿ ಹೊಡೆಯೋರು ಯಾರು?”

“ಅದನ್ನೇ ಓದಬೇಕು ಅಂತ ನನಗೆ” ಎಂದ ಹುಡುಗ. ಇನ್ನೇನೋ ಹೇಳಲು ಹೊರಟು ನಿಲ್ಲಿಸಿದ. ಅವನ ದನಿ ನಡುಗುತ್ತಿತ್ತು. ತಾಯಿ ಡಬ್ಬಿಯ ಮುಚ್ಚಳವನ್ನು ಹಾಕಿದರು, ತೆಗೆದರು, ಮತ್ತೆ ಹಾಕಿದರು.

ಹಿಂತಿರುಗುವಾಗ ಕಾರು ಎಲ್ಬ್ ನದಿಯ ಪಕ್ಕದ ರಸ್ತೆ ಹಿಡಿಯಿತು. ಗುಡ್ಡದ ಇಳಿಜಾರಿನಲ್ಲಿ ದ್ರಾಕ್ಷಿ ತೋಟಗಳು, ಕೆಳಗೆ ಹೊಂಬಣ್ಣದ ನೀರು. ತಂದೆ ಮುಂದಿನ ಸೀಟಿನಲ್ಲಿ ಬಹಳ ಹೊತ್ತು ಸುಮ್ಮನಿದ್ದರು. ನಗರದ ದೀಪಗಳು ಕಾಣತೊಡಗಿದಾಗ ಕೇಳಿದರು: “ಆಪ್ಷನ್ ಎಂಟ್ರಿ ಯಾವಾಗ ಶುರು?”

“ನಾವು ಊರು ಸೇರಿ ಒಂದು ವಾರಕ್ಕೆ ಇರಬಹುದು ಅಪ್ಪಾ.”

“ಹಾಗಾದರೆ ಅಷ್ಟರೊಳಗೆ ತಿಪಟೂರಿಗೆ ಹೋಗೋಣ. ದೊಡ್ಡಪ್ಪನ ತೋಟದಲ್ಲಿ ನಾಲ್ಕು ದಿನ ಇರು. ಸತ್ತ ಬೋರ್‌ವೆಲ್‌ಗಳನ್ನು ನೋಡು. ಸಾಲದ ಪುಸ್ತಕ ಕೇಳಿ ನೋಡು. ಈ ನದಿ, ಈ ಗಾಜಿನ ಮನೆ ನೋಡಿ ಮನಸ್ಸು ಮಾಡೋದು ಬೇಡ. ಅದನ್ನು ನೋಡಿದ ಮೇಲೂ ಇದೇ ಬೇಕು ಅಂತ ಅನಿಸಿದರೆ…”

ವಾಕ್ಯವನ್ನು ಅವರು ಮುಗಿಸಲಿಲ್ಲ. ಜೇಬಿನಿಂದ ಮಡಿಚಿದ ಹಾಳೆಯನ್ನು ತೆಗೆದು, ತಿರುಗಿ ನೋಡದೆ, ಭುಜದ ಮೇಲಿಂದ ಹಿಂದಕ್ಕೆ ಚಾಚಿದರು.

“ನಂಬರು ನೀನೇ ಹಾಕು” ಎಂದರು.

ಹುಡುಗ ಹಾಳೆ ತೆಗೆದುಕೊಂಡ. ಬಿಚ್ಚಲಿಲ್ಲ. ತನ್ನ ಜೇಬಿನಲ್ಲಿಟ್ಟುಕೊಂಡು, “ತಿಪಟೂರಿಗೆ ಬಸ್ಸಿನಲ್ಲಿ ಹೋಗೋಣವಾ, ರೈಲಿನಲ್ಲಾ?” ಎಂದು ಕೇಳಿದ.

“ರೈಲು” ಎಂದರು ತಂದೆ. “ಕಿಟಕಿ ಪಕ್ಕ ಕೂತರೆ ದಾರಿ ಉದ್ದಕ್ಕೂ ತೋಟ ಕಾಣುತ್ತೆ.”